ಬಯಲುಸೀಮೆಯ ಮನೆಗಳೂ ವಿದ್ಯುತ್ತಿನ ಲೆಕ್ಕವೂ
1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಮೊತ್ತಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತೆಂಬುದೂ, 1905ರಲ್ಲಿ ಬೆಂಗಳೂರಿನ ಬೀದಿಗಳು ಅದರಿಂದ ಬೆಳಗಿದವೆಂಬುದೂ ಸುವಿದಿತವಾದರೂ, 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಮನೆಮನೆಗೂ ಆ ಶಕ್ತಿ ಮುಟ್ಟಲು ಬಹುಕಾಲ ಹಿಡಿಯಿತು. ಗಣಿಯ ಯಂತ್ರಕ್ಕೆ ಸಂದ ಆದ್ಯತೆ ಗೃಹಿಣಿಯ ಅಡಿಗೆಮನೆಗೆ ಸಲ್ಲಲಿಲ್ಲ.

ದೀಪದೊಡನೆ ಮೀಟರೂ ಗೋಡೆಯೇರಿತು. ಗಾಜಿನ ಹಿಂದೆ ತಿರುಗುತ್ತಿದ್ದ ಅಲ್ಯೂಮಿನಿಯಂ ತಟ್ಟೆಯ ವೇಗ ವ್ಯಯಕ್ಕೆ ಅನುಗುಣವಾಗಿದ್ದುದರಿಂದ, ಬಿಲ್ಲು ಅಕಾರಣವಾಗಿ ಏರಿದಾಗ ಸ್ವಿಚ್ಚುಗಳನ್ನೆಲ್ಲ ಆರಿಸಿ, ತಟ್ಟೆಯಂಚಿನ ಗುರುತು ಆಗಲೂ ಚಲಿಸುವುದೇ ಎಂದು ಪರೀಕ್ಷಿಸಿ, ಚಲಿಸಿದರೆ ಒಂದೊಂದೇ ಫ್ಯೂಸು ಕಿತ್ತು ಸೋರಿಕೆ ಯಾವ ಕವಲಿನದೆಂದು ನಿಶ್ಚಯಿಸುವ ಕ್ರಮ ಸರಳವೂ ನಿಷ್ಕೃಷ್ಟವೂ ಆಗಿತ್ತು. ಕೆಂಪು ಬೊಟ್ಟು ಮಿನುಗಿಸುವ ಇಂದಿನ ಮೀಟರಿನಲ್ಲಿಯೂ ತತ್ತ್ವ ಅದೇ. ತಟ್ಟೆಯನ್ನು ನೋಡುವ ಸುಖವೊಂದು ಹೋಯಿತು.

ಈ ಸೀಮೆಯಲ್ಲಿ ಬಿಲ್ಲು ಏರಿದಾಗ ಸಂಶಯ ಮೊದಲು ಹರಿಯಬೇಕಾದುದು ನೀರಿನ ಪಂಪಿನತ್ತ. ವರ್ಷವಿಡೀ ಹರಿಯುವ ನದಿಯಿಲ್ಲ. ಗೌರಿಬಿದನೂರಿನ ಉತ್ತರ ಪಿನಾಕಿನಿಯೂ ಮಳೆಯನ್ನೇ ನಂಬಿದ್ದು. ಕೆರೆಗಳು ಬತ್ತಿದಂತೆ ಕೊಳವೆಬಾವಿಗಳು ಸಾವಿರ ಅಡಿಗಳನ್ನು ಮೀರಿ ಇಳಿದುವು. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್. ಅಷ್ಟು ಸಾಮರ್ಥ್ಯದ ಮನೆಯ ಪಂಪು ಗಂಟೆಗೆ ಮುಕ್ಕಾಲು ಯೂನಿಟ್ಟಿಗೂ ಮಿಕ್ಕು ನುಂಗುವುದಾದ್ದರಿಂದ, ಫುಟ್‌ವಾಲ್ವು ಸವೆದು ತೊಟ್ಟಿ ತುಂಬಲು ಇಮ್ಮಡಿ ಹೊತ್ತು ಹಿಡಿದರೆ ಲೆಕ್ಕವೂ ಇಮ್ಮಡಿಯೇ. ಶಿಡ್ಲಘಟ್ಟದಲ್ಲಿ, ವಾಸವೂ ರೇಷ್ಮೆನೂಲು ಬಿಚ್ಚಾಣಿಕೆಯೂ ಒಂದೇ ಸೂರಿನಡಿ ನಡೆಯುವೆಡೆ, ಗೃಹವ್ಯಯ ಎಲ್ಲಿ ಮುಗಿದು ಉದ್ಯಮವ್ಯಯ ಎಲ್ಲಿ ತೊಡಗಿತೆಂದು ವಿಂಗಡಿಸುವುದು ಇನ್ನೂ ಕಠಿಣ.

2023ರಲ್ಲಿ ಜಾರಿಗೆ ಬಂದ ಉಚಿತ ಗೃಹವಿದ್ಯುತ್ತಿನ ಯೋಜನೆ ಗೃಹಜ್ಯೋತಿಯಂತೂ ತಿಂಗಳಿಗೆ 200 ಯೂನಿಟ್ಟು ಮೀರಿದ ಮನೆಗೆ ಪೂರ್ಣ ಬಿಲ್ಲನ್ನೇ ವಿಧಿಸುವುದರಿಂದ, ಫ್ಯೂಸು ಕಿತ್ತು ನೋಡುವ ಆ ಹಳೆಯ ಶೋಧನೆಗೆ ಹೊಸ ತುರ್ತು ಒದಗಿದೆ.