ವಸಡಿನಲ್ಲಿ ರಕ್ತ: ಉಪೇಕ್ಷಿಸಿದರೆ ಹಲ್ಲಿಗೇ ಸಂಚಕಾರ

ಬೆಳಿಗ್ಗೆ ಹಲ್ಲುಜ್ಜಿ ಉಗುಳಿದಾಗ ನೊರೆಯಲ್ಲಿ ಕೆಂಪು ಗೆರೆ ಕಂಡರೆ ಬಹುತೇಕ ಮಂದಿ ಬ್ರಷ್ ಗಡುಸಾಗಿದೆ ಎಂದುಕೊಳ್ಳುತ್ತಾರೆ. ಮರುದಿನದಿಂದ ರಕ್ತ ಬರುವ ಜಾಗವನ್ನು ಉಜ್ಜುವುದನ್ನೇ ಬಿಡುತ್ತಾರೆ. ರೋಗಕ್ಕೆ ಬೇಕಾಗಿರುವುದೂ ಅದೇ. ಆರೋಗ್ಯವಂತ ವಸಡಿನಿಂದ ಸಾಮಾನ್ಯ ಉಜ್ಜುವಿಕೆಗೆ ರಕ್ತ ಬರುವುದಿಲ್ಲ. ಬಂದರೆ ಅದು ಉರಿಯೂತದ ಮೊದಲ ಸೂಚನೆ. ಈ ಹಂತದಲ್ಲಿ ಎಚ್ಚೆತ್ತವರ ವಸಡು ಸಂಪೂರ್ಣವಾಗಿ ಮೊದಲಿನಂತಾಗುತ್ತದೆ. ಹಲ್ಲು ಅಲುಗಾಡತೊಡಗಿದ ಮೇಲೆ ವೈದ್ಯರ ಬಳಿಗೆ ಹೋದವರಿಗೆ ಅಷ್ಟು ಸುಲಭದ ಪರಿಹಾರ ಉಳಿದಿರುವುದಿಲ್ಲ.

ಹುಳುಕು ಹಲ್ಲು ನೋವು ಕೊಟ್ಟು ರೋಗಿಯನ್ನು ಎಬ್ಬಿಸಿ ಕೂರಿಸುತ್ತದೆ. ವಸಡಿನ ರೋಗ ಹಾಗಲ್ಲ. ಅದು ಹೆಚ್ಚಾಗಿ ನೋವಿಲ್ಲದೆ ವರ್ಷಗಟ್ಟಲೆ ಮುಂದುವರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ. 19ರಷ್ಟು ಮಂದಿಗೆ, ಅಂದರೆ ನೂರು ಕೋಟಿಗೂ ಹೆಚ್ಚು ಜನರಿಗೆ, ತೀವ್ರ ಸ್ವರೂಪದ ವಸಡು ರೋಗವಿದೆ.

ರೋಗ ಹುಟ್ಟುವ ಬಗೆ

ಹಲ್ಲು ದವಡೆಯ ಮೂಳೆಯಲ್ಲಿ ಮೊಳೆಯಂತೆ ನೇರವಾಗಿ ಹುದುಗಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವೊಂದಿದ್ದು, ಅದು ಹಲ್ಲನ್ನು ಹಿಡಿದಿಡುತ್ತದೆ. ವಸಡು, ಈ ನಾರು, ಬೇರಿನ ಹೊರಪದರ ಹಾಗೂ ಸುತ್ತಲಿನ ಮೂಳೆ, ಈ ನಾಲ್ಕೂ ಸೇರಿ ಹಲ್ಲಿಗೆ ಆಧಾರ.

ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳು ಕಟ್ಟುವ ಅಂಟು ಪದರಕ್ಕೆ ಪ್ಲಾಕ್ ಎಂದು ಹೆಸರು. ಉಜ್ಜಿ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಖನಿಜಗಳು ಸೇರಿ ಅದು ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗುತ್ತದೆ. ಹೀಗೆ ಕಲ್ಲಿನಂತಾದ ಕಿಟ್ಟವನ್ನು ಬ್ರಷ್ ಅಲುಗಿಸಲಾರದು. ಅದರ ಒರಟು ಮೈ ಮೇಲೆ ಮತ್ತಷ್ಟು ಪ್ಲಾಕ್ ನೆಲೆಯೂರುತ್ತದೆ. ಬ್ಯಾಕ್ಟೀರಿಯಾಗಳ ವಿರುದ್ಧ ದೇಹ ಹೂಡುವ ಹೋರಾಟವೇ ಉರಿಯೂತ. ಆಗ ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ ಒಸರುತ್ತದೆ. ಇದು ಜಿಂಜಿವೈಟಿಸ್.

ಉರಿಯೂತ ಆಳಕ್ಕಿಳಿದಾಗ ನಾರು ಕಳಚುತ್ತದೆ, ಮೂಳೆ ಕರಗುತ್ತದೆ. ಹಲ್ಲು ಮತ್ತು ವಸಡಿನ ನಡುವಿನ ಸಂದು ಚೀಲದಂತೆ ಆಳವಾಗುತ್ತದೆ. ಹಿಂದೆ ಪಯೋರಿಯಾ ಎಂದು ಕರೆಯುತ್ತಿದ್ದ ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಪೆರಿಯೊಡಾಂಟೈಟಿಸ್ ಎಂಬ ಹೆಸರಿದೆ. ಬಾಯಿಯ ದುರ್ವಾಸನೆ, ವಸಡು ಹಿಂದೆ ಸರಿದು ಹಲ್ಲು ಉದ್ದವಾದಂತೆ ಕಾಣುವುದು, ಹಲ್ಲುಗಳ ನಡುವೆ ಹೊಸದಾಗಿ ಸಂದು ಮೂಡುವುದು, ಕೀವು, ಅಲುಗಾಟ ಇವು ಅದರ ಲಕ್ಷಣಗಳು.

ಎರಡು ಅಧ್ಯಯನಗಳ ಪಾಠ

ಡೆನ್ಮಾರ್ಕ್‌ನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದ ಅಡಿಗಲ್ಲು. ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರಿಗೂ ವಸಡಿನ ಉರಿಯೂತ ಕಾಣಿಸಿಕೊಂಡಿತು. ಮತ್ತೆ ಉಜ್ಜಲಾರಂಭಿಸಿದ ಸುಮಾರು ಒಂದು ವಾರದಲ್ಲಿ ಅದು ಮಾಯವಾಯಿತು. ಕಾರಣವೂ ಪ್ಲಾಕ್, ಪರಿಹಾರವೂ ಅದರ ನಿವಾರಣೆ ಎಂಬುದು ಇದರಿಂದ ಸಿದ್ಧವಾಯಿತು.

ಅದೇ ವಿಜ್ಞಾನಿ ಬಳಿಕ ಶ್ರೀಲಂಕಾದ ಚಹಾ ತೋಟಗಳ 480 ಪುರುಷ ಕಾರ್ಮಿಕರನ್ನು 1970ರಿಂದ 15 ವರ್ಷ ಕಾಲ ಗಮನಿಸಿದರು. ಆ ಕಾರ್ಮಿಕರಿಗೆ ಹಲ್ಲುಜ್ಜುವ ರೂಢಿಯೂ ಇರಲಿಲ್ಲ, ದಂತ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಅವರಲ್ಲಿ ಶೇ. 8ರಷ್ಟು ಮಂದಿಗೆ ರೋಗ ಅತಿವೇಗವಾಗಿ ಹಬ್ಬಿತು. ಶೇ. 81ರಷ್ಟು ಮಂದಿಗೆ ಮಧ್ಯಮ ಗತಿಯಲ್ಲಿ ಮುಂದುವರಿಯಿತು. ಶೇ. 11ರಷ್ಟು ಮಂದಿಯಲ್ಲಿ ಜಿಂಜಿವೈಟಿಸ್ ದಾಟಿ ಮುಂದಕ್ಕೆ ಹೋಗಲೇ ಇಲ್ಲ. ಒಂದೇ ಬಗೆಯ ಕೊಳೆ ಇದ್ದರೂ ಎಲ್ಲರ ದೇಹವೂ ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲ ಎಂಬುದನ್ನು ಈ ಅಂಕಿಅಂಶ ತೋರಿಸಿಕೊಟ್ಟಿತು. ‘ಅಜ್ಜ ಬ್ರಷ್ ಮುಟ್ಟದೆಯೇ ಗಟ್ಟಿ ಹಲ್ಲು ಇಟ್ಟುಕೊಂಡಿದ್ದರು’ ಎಂಬ ಮಾತು ನಿಜವೇ ಇರಬಹುದು. ಆದರೆ ಆ ಅದೃಷ್ಟ ಮೊಮ್ಮಗನಿಗೂ ಬಂದಿದೆಯೆಂದು ನಂಬಿ ಕೂರುವಂತಿಲ್ಲ.

ಸಕ್ಕರೆ ಕಾಯಿಲೆ, ತಂಬಾಕು ಮತ್ತು ಇತರೆ

ಮಧುಮೇಹಕ್ಕೂ ವಸಡಿನ ರೋಗಕ್ಕೂ ಎರಡೂ ದಿಕ್ಕಿನ ನಂಟಿದೆ. ರಕ್ತದಲ್ಲಿ ಸಕ್ಕರೆ ಹತೋಟಿ ತಪ್ಪಿದರೆ ವಸಡು ಬೇಗ ಕೆಡುತ್ತದೆ. ವಸಡಿನ ಉರಿಯೂತ ಹೆಚ್ಚಿದರೆ ಸಕ್ಕರೆಯ ಹತೋಟಿ ಕಷ್ಟವಾಗುತ್ತದೆ. ವಸಡಿಗೆ ಚಿಕಿತ್ಸೆ ನೀಡಿದ ಮೂರು ನಾಲ್ಕು ತಿಂಗಳಲ್ಲಿ ಮಧುಮೇಹಿಗಳ ಎಚ್‌ಬಿಎ1ಸಿ ಪ್ರಮಾಣ ಸರಾಸರಿ 0.4 ಅಂಶದಷ್ಟು ಇಳಿಯುತ್ತದೆಂದು ಹಲವು ಅಧ್ಯಯನಗಳ ಒಟ್ಟು ಪರಿಶೀಲನೆ 2022ರಲ್ಲಿ ತಿಳಿಸಿತು. ಮಧುಮೇಹಿಗಳು ಕಣ್ಣು, ಕಾಲುಗಳಂತೆ ವಸಡನ್ನೂ ಪರೀಕ್ಷಿಸಿಕೊಳ್ಳಬೇಕಾದುದು ಇದಕ್ಕಾಗಿ.

ಧೂಮಪಾನದ ಕೇಡು ಇನ್ನೂ ಕುಟಿಲ. ಅದು ವಸಡಿನ ರಕ್ತಸ್ರಾವವನ್ನು ಕುಗ್ಗಿಸುತ್ತದೆ. ಹೀಗಾಗಿ ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ಎಚ್ಚರಿಕೆಯ ಕೆಂಪು ಗೆರೆ ಕಾಣಿಸುವುದಿಲ್ಲ. ಚಿಕಿತ್ಸೆಗೂ ಧೂಮಪಾನಿಗಳ ವಸಡು ಸರಿಯಾಗಿ ಸ್ಪಂದಿಸುವುದಿಲ್ಲ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆದರೆ ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಅಗಿಯುವ ರೂಢಿ ಹಳ್ಳಿ, ಪಟ್ಟಣಗಳೆರಡರಲ್ಲೂ ಇದೆ. ಹೊಗೆಸೊಪ್ಪನ್ನು ಒತ್ತಿಟ್ಟುಕೊಳ್ಳುವ ಜಾಗದಲ್ಲಿ ವಸಡು ಹಿಂದೆ ಸರಿಯುತ್ತದೆ. ಇದ್ದಿಲು, ಇಟ್ಟಿಗೆ ಪುಡಿಗಳಂತಹ ಒರಟು ಪುಡಿಗಳಿಂದ ತಿಕ್ಕುವುದು ಹಲ್ಲನ್ನೂ ವಸಡನ್ನೂ ಸವೆಸುತ್ತದೆ.

ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರುಪೇರಿನಿಂದ ವಸಡು ಊದಿಕೊಳ್ಳುವುದುಂಟು. ಅಪಸ್ಮಾರಕ್ಕೆ ನೀಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ನೀಡುವ ನಿಫೆಡಿಪಿನ್‌ನಂತಹ ಔಷಧಗಳಿಂದ ಕೆಲವರ ವಸಡು ದಪ್ಪವಾಗಿ ಬೆಳೆಯುತ್ತದೆ. ಆದುದರಿಂದ ಸೇವಿಸುತ್ತಿರುವ ಎಲ್ಲ ಔಷಧಗಳ ವಿವರವನ್ನು ದಂತವೈದ್ಯರಿಗೆ ತಿಳಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.

ಚಿಕಿತ್ಸೆಯ ಹಂತಗಳು

ಮೊದಲಿಗೆ ತೆಳುವಾದ ಅಳತೆ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಸಂದಿನ ಆಳ ನೋಡಲಾಗುತ್ತದೆ. 3 ಮಿಲಿಮೀಟರ್‌ವರೆಗೆ ಸಾಮಾನ್ಯ. 4 ಅಥವಾ ಅದಕ್ಕಿಂತ ಹೆಚ್ಚಿದ್ದು ರಕ್ತ ಬಂದರೆ ಚಿಂತಿಸಬೇಕಾದ ಸಂಗತಿ. ಮೂಳೆಯ ಸ್ಥಿತಿ ಎಕ್ಸ್‌ರೇಯಲ್ಲಿ ತಿಳಿಯುತ್ತದೆ. 2018ರಲ್ಲಿ ಪ್ರಕಟವಾದ ವರ್ಗೀಕರಣದಂತೆ ರೋಗದ ತೀವ್ರತೆಯನ್ನು ನಾಲ್ಕು ಹಂತಗಳಾಗಿಯೂ, ಅದು ಹಬ್ಬುವ ವೇಗವನ್ನು ಮೂರು ದರ್ಜೆಗಳಾಗಿಯೂ ಗುರುತಿಸಲಾಗುತ್ತದೆ.

ಎರಡನೆಯದು ಸ್ಕೇಲಿಂಗ್. ಕಂಪಿಸುವ ಉಪಕರಣದಿಂದ ಹಲ್ಲಿನ ಕಿಟ್ಟ ತೆಗೆಯಲಾಗುತ್ತದೆ. ಜಿಂಜಿವೈಟಿಸ್ ಇದ್ದವರಿಗೆ ಇಷ್ಟು ಮತ್ತು ಮನೆಯ ಆರೈಕೆ ಸಾಕು. ಸಂದು ಆಳವಾಗಿದ್ದರೆ ಚುಚ್ಚುಮದ್ದಿನಿಂದ ಮರಗಟ್ಟಿಸಿ, ವಸಡಿನ ಕೆಳಗೆ ಬೇರಿನ ಮೇಲ್ಮೈಯನ್ನು ಶುಚಿ ಮಾಡುತ್ತಾರೆ. ಇದಾದ ಕೆಲವು ವಾರಗಳ ಬಳಿಕ ಮತ್ತೆ ಅಳತೆ ನೋಡುತ್ತಾರೆ. ಅನೇಕರಿಗೆ ಚಿಕಿತ್ಸೆ ಅಲ್ಲಿಗೇ ಮುಗಿಯುತ್ತದೆ.

ಆಗಲೂ ಆಳ ಕಡಿಮೆಯಾಗದ ಕಡೆ ವಸಡನ್ನು ಬಿಡಿಸಿ, ಕಣ್ಣಿಗೆ ಕಾಣುವಂತೆ ಶುಚಿಗೊಳಿಸಿ ಹೊಲಿಗೆ ಹಾಕುವ ಫ್ಲ್ಯಾಪ್ ಶಸ್ತ್ರಚಿಕಿತ್ಸೆ ಮಾಡಲಾಗುತ್ತದೆ. ಮೂಳೆ ನಷ್ಟದ ಆಕಾರ ಅನುಕೂಲವಾಗಿದ್ದರೆ ಮೂಳೆ ಕಸಿಯಿಂದ ಒಂದಿಷ್ಟು ಮರಳಿ ಗಳಿಸಬಹುದು. ಆದರೆ ಕರಗಿದ ಮೂಳೆಯೆಲ್ಲ ಮರಳಿ ಬರುವುದಿಲ್ಲ. ಉಳಿದುದನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆಯ ಮುಖ್ಯ ಗುರಿ.

ಸ್ಕೇಲಿಂಗ್‌ನಿಂದ ಹಲ್ಲು ಸಡಿಲವಾಗುತ್ತದೆಯೇ?

ಜನರನ್ನು ದಂತವೈದ್ಯರಿಂದ ದೂರವಿಡುವ ಅತಿ ದೊಡ್ಡ ತಪ್ಪು ಕಲ್ಪನೆ ಇದು. ಮೂಳೆ ಕರಗಿದ ಹಲ್ಲುಗಳನ್ನು ಕೆಲವೊಮ್ಮೆ ಕಿಟ್ಟದ ಗಡ್ಡೆಯೇ ಗಾರೆಯಂತೆ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಅಲುಗಾಟ ಬಯಲಾಗುತ್ತದೆ. ಊತ ಇಳಿದ ವಸಡು ಕುಗ್ಗುವುದರಿಂದ ಸಂದುಗಳೂ ಎದ್ದು ಕಾಣುತ್ತವೆ. ತಣ್ಣೀರು ಕುಡಿದರೆ ಕೆಲ ದಿನ ಜುಮ್ಮೆನ್ನಬಹುದು. ಹಾನಿ ಮಾಡಿದ್ದು ರೋಗವೇ ಹೊರತು ಚಿಕಿತ್ಸೆಯಲ್ಲ. ಸರಿಯಾಗಿ ಮಾಡಿದ ಸ್ಕೇಲಿಂಗ್ ಹಲ್ಲಿನ ಎನಾಮೆಲ್ ಅನ್ನು ಕಿತ್ತುಹಾಕುವುದೂ ಇಲ್ಲ.

ಮನೆಯಲ್ಲಿ ಮಾಡಬೇಕಾದ್ದು

* ಮೃದು ಎಳೆಗಳ ಬ್ರಷ್‌ನಿಂದ ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಎರಡು ನಿಮಿಷ ಉಜ್ಜಬೇಕು. ಬ್ರಷ್ ವಸಡಿನಂಚಿಗೆ ಓರೆಯಾಗಿ ತಾಗಬೇಕು. ಒತ್ತಡ ಬೇಡ.
* ಹಲ್ಲುಗಳ ನಡುವೆ ದಿನಕ್ಕೊಮ್ಮೆ ದಾರದಿಂದ ಶುಚಿ ಮಾಡಬೇಕು. ಸಂದು ಅಗಲವಾಗಿದ್ದರೆ ಸಣ್ಣ ಸಂದು ಬ್ರಷ್ ಒಳ್ಳೆಯದು.
* ಕ್ಲೋರ್‌ಹೆಕ್ಸಿಡಿನ್ ಬಾಯಿ ತೊಳೆಯುವ ದ್ರಾವಣವನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಬೇಕು. ಹೆಚ್ಚು ಕಾಲ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ.
* ಉಪ್ಪು ನೀರಿನಿಂದ ಮುಕ್ಕಳಿಸುವುದು ಹಿತ ನೀಡಬಹುದು. ಆದರೆ ಅದು ಕಿಟ್ಟವನ್ನು ಕರಗಿಸದು. ಅಂಗಡಿಯಿಂದ ತಂದು ನುಂಗುವ ಆ್ಯಂಟಿಬಯೋಟಿಕ್ ಮಾತ್ರೆಯೂ ಈ ರೋಗಕ್ಕೆ ಮದ್ದಲ್ಲ.

ರಕ್ತ ಬರುತ್ತಿದೆಯೆಂದು ಉಜ್ಜುವುದನ್ನು ನಿಲ್ಲಿಸಬಾರದು. ಎರಡು ವಾರ ಕ್ರಮವಾಗಿ ಶುಚಿಗೊಳಿಸಿದರೂ ರಕ್ತ ನಿಲ್ಲದಿದ್ದರೆ ಪರೀಕ್ಷೆ ಅನಿವಾರ್ಯ. ಬಾಯಿ ಶುಚಿಯಾಗಿದ್ದರೂ ಕಾರಣವಿಲ್ಲದೆ ರಕ್ತ ಸುರಿದರೆ, ಮೈಮೇಲೆ ಕಂದಿದ ಕಲೆಗಳು ಮೂಡಿದರೆ, ರಕ್ತ ಸಂಬಂಧಿ ಕಾಯಿಲೆಯ ಸಾಧ್ಯತೆಯಿರುವುದರಿಂದ ಕೂಡಲೇ ವೈದ್ಯರನ್ನು ಕಾಣಬೇಕು.

ಚಿಕಿತ್ಸೆಯ ನಂತರ

ಪೆರಿಯೊಡಾಂಟೈಟಿಸ್ ಒಮ್ಮೆ ಬಂದವರಿಗೆ ಚಿಕಿತ್ಸೆ ಎಂದರೆ ಒಂದು ದಿನದ ಕೆಲಸವಲ್ಲ. ರೋಗದ ಮಟ್ಟಕ್ಕೆ ತಕ್ಕಂತೆ ಮೂರರಿಂದ ಆರು ತಿಂಗಳಿಗೊಮ್ಮೆ ಪರೀಕ್ಷೆ, ಶುಚಿಗೊಳಿಸುವಿಕೆ ನಡೆಯುತ್ತಿರಬೇಕು. ಇದನ್ನು ತಪ್ಪಿಸಿದವರಲ್ಲಿ ರೋಗ ಮರುಕಳಿಸುತ್ತದೆ. ಖಾಸಗಿ ಚಿಕಿತ್ಸಾಲಯದ ವೆಚ್ಚಕ್ಕೆ ಅಂಜುವವರಿಗೆ ಬೆಂಗಳೂರಿನ ಸರ್ಕಾರಿ ದಂತ ಮಹಾವಿದ್ಯಾಲಯ ಹಾಗೂ ರಾಜ್ಯದ ಇತರ ದಂತ ಮಹಾವಿದ್ಯಾಲಯಗಳಲ್ಲಿ ವಸಡು ಚಿಕಿತ್ಸೆಗೆ ಪ್ರತ್ಯೇಕ ವಿಭಾಗಗಳಿವೆ. ಅಲ್ಲಿ ಸಾಮಾನ್ಯವಾಗಿ ಶುಲ್ಕವೂ ಕಡಿಮೆ.

ಹುಳುಕಿಲ್ಲದ, ಗಟ್ಟಿಮುಟ್ಟಾದ ಹಲ್ಲು ಕೇವಲ ಆಧಾರ ಕುಸಿದ ಕಾರಣಕ್ಕೆ ಕೈಗೆ ಬಂದುಬಿಡುವುದು ಈ ರೋಗದ ದುರಂತ. ವರ್ಷಗಳ ಹಿಂದೆ ಬೇಸಿನ್ನಿನಲ್ಲಿ ಕಂಡ ಆ ಕೆಂಪು ಗೆರೆಯಲ್ಲೇ ಅದರ ಸೂಚನೆ ಇದ್ದಿತು.