ಕನ್ನಡ ಶಾಲೆಯಲ್ಲಿ ಪುಸ್ತಕ ಮತ್ತು ಅರ್ಥವಿವರಣೆ

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಡಳಿತದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಅಲ್ಲಿ ಯಾವ ಪುಸ್ತಕಗಳನ್ನು ಓದಿಸುತ್ತಾರೆ ಎಂದು ತಿಳಿಸುವಂತೆ ಕಲೆಕ್ಟರುಗಳಿಗೆ ಬರೆಸಿದಾಗ, ಬಂದ ಉತ್ತರಗಳ ಪೈಕಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ವರದಿಯಲ್ಲಿ ಪಾಠದ ಕ್ರಮವೇ ವಿವರವಾಗಿ ದಾಖಲಾಗಿದೆ. ಇಂದಿನ ಅನಂತಪುರದ ಸೀಮೆಯೂ ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದುದರಿಂದ ಅಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಭಾಷೆಗಳವು, ಇಂಗ್ಲಿಷಿನದು ಒಂದೇ ಒಂದು. ಕಲಿಯುತ್ತಿದ್ದವರು ಒಟ್ಟು 6,641 ಮಂದಿ, ಎಂದರೆ ಸಾವಿರ ಜನರಲ್ಲಿ ಏಳು ಮಂದಿಯೂ ಇಲ್ಲ.

ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಆಮೇಲೆ ಹಲಗೆಯ ಮೇಲೂ ಕಡತದ ಮೇಲೂ ಬಳಪದಿಂದ ಬರೆಯುತ್ತಿದ್ದರು. ಕಡತವೆಂದರೆ ಬಟ್ಟೆಗೆ ಗಂಜಿ ಹಾಕಿ ಗಡುಸು ಮಾಡಿ, ಪುಸ್ತಕದಂತೆ ಮಡಚಿ, ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟು ಕಪ್ಪಾಗಿಸಿದ, ಅಳಿಸಿ ಮತ್ತೆ ಬರೆಯಬಹುದಾದ ಹಾಳೆಗಳ ಕಟ್ಟು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು; ಎರಡನೆಯದಕ್ಕೆ ಒಂದು ಸೊನ್ನೆ, ಮೂರನೆಯದಕ್ಕೆ ಮೆಲ್ಲನೆಯ ಒಂದು ಏಟು, ಮುಂದೆ ಬಂದವರಿಗೆ ಬಂದ ಸರದಿಯಂತೆ ಏಟುಗಳು ಏರುತ್ತಿದ್ದವು. ಮುಂದುವರಿದ ಹುಡುಗರು ಕಿರಿಯರಿಗೆ ಪಾಠ ಹೇಳುವ ಪದ್ಧತಿಯನ್ನು, ಕಲಿಸುತ್ತಲೇ ತಮ್ಮ ತಿಳಿವನ್ನೂ ಗಟ್ಟಿ ಮಾಡಿಕೊಳ್ಳುವ ಅದರ ಗುಣಕ್ಕಾಗಿ, ಕ್ಯಾಂಬೆಲ್ ಮನಸಾರೆ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂಬ ಮಾತನ್ನೂ ಸೇರಿಸಿದ್ದಾನೆ.

ಅವನಿಗೆ ಕೊರತೆಯಾಗಿ ಕಂಡದ್ದು ಪುಸ್ತಕಗಳ ಬಳಕೆ. ರಾಮಾಯಣ, ಭಾರತ, ಭಾಗವತ, ಬಸವಪುರಾಣ, ಗಿರಿಜಾಕಲ್ಯಾಣ, ಪಂಚತಂತ್ರ, ಅಮರಕೋಶ, ಶಬ್ದಮಣಿದರ್ಪಣಗಳಂಥ ಹೆಸರುಗಳು ಅವನ ಪಟ್ಟಿಯಲ್ಲಿವೆ. ಆದುದರಿಂದ ಓದಿಗೆ ಒದಗಿದ ಸಾಮಗ್ರಿ ಬಡವಾಗಿತ್ತೆಂದು ಯಾರೂ ಹೇಳಲಾರರು. ಆದರೆ ಇವು ಆಡುಮಾತಿಗೆ ದೂರವಾದ ಪದ್ಯಭಾಷೆಯಲ್ಲಿದ್ದವು, ಮಕ್ಕಳು ಸಾಲುಸಾಲಾಗಿ ಬಾಯಿಪಾಠ ಮಾಡಿದರೂ ಅವುಗಳ ತಾತ್ಪರ್ಯ ಅವರಿಗೆ ತಿಳಿಯುತ್ತಿರಲಿಲ್ಲ, ಎಷ್ಟೋ ಕಡೆ ಕಲಿಸುವವನಿಗೂ ಅದನ್ನು ಬಿಡಿಸಿ ಹೇಳುವ ಶಕ್ತಿ ಇರಲಿಲ್ಲ. ಇದನ್ನು ಕನ್ನಡ ನಾಡಿನ ವಿದ್ಯೆಯ ಒಟ್ಟು ಸ್ಥಿತಿಯೆಂದು ಓದುವುದು ತಪ್ಪಾಗುತ್ತದೆ. ಗಮಕಿಯೊಬ್ಬ ಕಾವ್ಯವನ್ನು ರಾಗವಾಗಿ ವಾಚಿಸಿ, ವ್ಯಾಖ್ಯಾನಕಾರನೊಬ್ಬ ಪದ್ಯಪದ್ಯಕ್ಕೂ ಅರ್ಥ ಹೇಳುವ ಸಂಪ್ರದಾಯವು ಇದೇ ನಾಡಿನಲ್ಲಿ ಬಲವಾಗಿ ಬೇರೂರಿತ್ತು. ಅಕ್ಷರವರಿಯದವರೂ ಕುಮಾರವ್ಯಾಸನ ಕಥೆಯನ್ನು ಬಲ್ಲವರಾಗಿದ್ದುದು ಅದರಿಂದಲೇ. ದೇವಸ್ಥಾನದ ಪ್ರಾಂಗಣದಲ್ಲಿ ದೊಡ್ಡವರಿಗೆ ದೊರೆಯುತ್ತಿದ್ದ ಆ ಅರ್ಥವಿವರಣೆಯು ಶಾಲೆಯ ಜಗಲಿಯ ಮೇಲೆ ಮಕ್ಕಳಿಗೆ ದೊರೆಯಲಿಲ್ಲವೆಂಬುದೇ ನಿಜವಾದ ನಷ್ಟ. ಶಾಲೆಗಳು ಕ್ಷೀಣಿಸಲು ಜನರ ಬಡತನವೇ ಕಾರಣವೆಂದೂ, ಇಂಗ್ಲಿಷ್ ಬಟ್ಟೆಗಳು ಬಂದು ನೆಯ್ಗೆಯವರ ದುಡಿಮೆ ಕುಗ್ಗಿದ್ದು ಆ ಬಡತನಕ್ಕೆ ಒಂದು ಮೂಲವೆಂದೂ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯೇ ಆಗಿದ್ದ ಕ್ಯಾಂಬೆಲ್ ಬರೆದಿರುವುದು ಗಮನಾರ್ಹ.

ಆಮೇಲೆ ಅಚ್ಚಿನ ಪುಸ್ತಕಗಳ ಕಾಲ ಬಂದಿತು. ಮಂಗಳೂರಿನಲ್ಲಿ 1841ರಲ್ಲಿ ಬಾಸೆಲ್ ಮಿಶನ್ನಿನ ಕಲ್ಲಚ್ಚು ಕೆಲಸ ಆರಂಭಿಸಿತು. ಶಿಕ್ಷಣವನ್ನು ಕುರಿತ 1854ರ ವುಡ್ ನಿರೂಪದ ತರುವಾಯ ಪ್ರಾಂತಗಳಲ್ಲಿ ವಿದ್ಯಾ ಇಲಾಖೆಗಳೂ ಶಿಕ್ಷಕರ ತರಬೇತಿ ಶಾಲೆಗಳೂ ಹುಟ್ಟಿಕೊಂಡವು. ಅಚ್ಚಿನ ಪುಸ್ತಕ ಹಳ್ಳಿಗೆ ತಲುಪಿದೊಡನೆ ಅದನ್ನು ಹೇಗೆ ಪಾಠ ಮಾಡಬೇಕೆಂದು ಶಿಕ್ಷಕನಿಗೆ ತಿಳಿಸುವ ಬರಹವೂ ಬೇಕಾಯಿತು. ಮುಂಬಯಿ ಕರ್ನಾಟಕದಲ್ಲಿ ಆ ಅಗತ್ಯವನ್ನು ಮೊದಲು ಕಂಡವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಪ್ರಮುಖರು. ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳನ್ನು ಕಟ್ಟಲು ದುಡಿದ ಅವರು ಶಿಕ್ಷಕರಿಗಾಗಿ ‘ಮಠಪತ್ರಿಕೆ’ಯನ್ನು ಹೊರತಂದರು, ಮಠವೆಂದರೆ ಆ ಸೀಮೆಯ ಮಾತಿನಲ್ಲಿ ಅಂದು ಶಾಲೆಯೇ. ದೂರದ ಊರಿನಲ್ಲಿ ಒಬ್ಬನೇ ಇದ್ದ ಶಿಕ್ಷಕನಿಗೆ ತನ್ನ ಕಸುಬಿನ ಮಾತನಾಡುವ ಇಂಥ ಪತ್ರಿಕೆಯ ಬೆಲೆ ಪಠ್ಯಪುಸ್ತಕಕ್ಕಿಂತ ಕಡಿಮೆಯದಾಗಿರಲಿಲ್ಲ. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ, ಶಾಲಾ ಇನ್ಸ್‌ಪೆಕ್ಟರರೂ ಆಗಿದ್ದ ಪಂಜೆ ಮಂಗೇಶರಾಯರು ಮಕ್ಕಳ ಬಾಯಲ್ಲಿ ಆಡುವ ಕನ್ನಡದಲ್ಲಿಯೇ ಹಾಡು ಕಥೆಗಳನ್ನು ಕೊಟ್ಟು, ಕ್ಯಾಂಬೆಲ್ ಗುರುತಿಸಿದ್ದ ಪದ್ಯಭಾಷೆಯ ಅಡ್ಡಿಯನ್ನು ಬಹುಮಟ್ಟಿಗೆ ಕಳೆದರು. ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು ಪಠ್ಯದ ಆಚೆಗೂ ಮಕ್ಕಳ ಕುತೂಹಲಕ್ಕೆ ಆಸರೆಯಾದವು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ‘ನಲಿ-ಕಲಿ’ಯಲ್ಲಿ ಪುಸ್ತಕದ ರೂಪವೇ ಬದಲಾಯಿತು. ಮದನಪಲ್ಲಿ ಸಮೀಪದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲಾ ಶಿಕ್ಷಕರು ಪಠ್ಯವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಬಿಡಿಸಿ, ‘ಮೈಲಿಗಲ್ಲು’ಗಳೆಂಬ ಹಂತಗಳಲ್ಲಿ ಜೋಡಿಸಿ, ಯಾವ ಮಗು ಎಲ್ಲಿದೆಯೆಂದು ತೋರಿಸುವ ‘ಕಲಿಕಾ ಏಣಿ’ಯನ್ನು ಸಿದ್ಧಪಡಿಸಿದರು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತು, ಕೆಲವರು ಶಿಕ್ಷಕರ ನೆರವಿನಿಂದಲೂ ಕೆಲವರು ಗೆಳೆಯರ ನೆರವಿನಿಂದಲೂ ಕೆಲವರು ತಾವಾಗಿಯೂ ಕಲಿಯುತ್ತಾರೆ. ಹಿರಿಯ ಮಗು ಕಿರಿಯದಕ್ಕೆ ಹೇಳಿಕೊಡುವ ಬಳ್ಳಾರಿಯ ಆ ಹಳೆಯ ರೀತಿ ಇಲ್ಲಿ ಹೊಸದಾಗಿ ಬಳಕೆಗೆ ಬಂದಂತಿದ್ದರೂ, ಈ ಬಾರಿ ಅದರ ಜೊತೆಗೆ ಚಿತ್ರ, ಪ್ರಶ್ನೆ, ಸಂಭಾಷಣೆಗಳೂ ಇದ್ದವು, ಏಟುಗಳಿರಲಿಲ್ಲ. 2009–10ರಲ್ಲಿ ಈ ಕ್ರಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ವಿಸ್ತರಿಸಿತು. ತಾಲ್ಲೂಕಿನ ಶಿಕ್ಷಕರು ತಮ್ಮ ಮಕ್ಕಳನ್ನು ಎದುರಿಗಿಟ್ಟುಕೊಂಡು ಬರೆದಿದ್ದ ಕಾರ್ಡುಗಳ ಜಾಗಕ್ಕೆ ಇಡೀ ರಾಜ್ಯಕ್ಕೆ ಒಂದೇ ಮಾದರಿಯಲ್ಲಿ ಅಚ್ಚಾದ ಕಾರ್ಡುಗಳು ಬಂದುದರಿಂದ, ಅವುಗಳನ್ನು ತನ್ನ ಊರಿನ ಮಾತಿಗೆ ಹೊಂದಿಸಿ ವಿವರಿಸುವ ಹೊಣೆ ಮತ್ತೆ ಒಬ್ಬೊಬ್ಬ ಶಿಕ್ಷಕನ ಪಾಲಿಗೇ ಬಂದಿತು.