ಉಪ್ಪು, ರಕ್ತದೊತ್ತಡ ಮತ್ತು ಕೆಂಪು ರಕ್ತಕಣದ ಪೊರೆ: ಕಣದ ಆಯುಷ್ಯವನ್ನು ಲೆಕ್ಕಕ್ಕೆ ಹಿಡಿದ ಒಂದು ವಿವೇಚನೆ

ರಕ್ತದೊತ್ತಡ ಏರುವುದು ರಕ್ತನಾಳಗಳ ಗೋಡೆ ಬಿಗಿದಾಗ. ಉಪ್ಪನ್ನು ಹೊರಹಾಕುವುದೋ ಉಳಿಸಿಕೊಳ್ಳುವುದೋ ಎಂಬುದು ಮೂತ್ರಪಿಂಡದ ಕೆಲಸ. ಇವೆರಡರಲ್ಲೂ ಕೆಂಪು ರಕ್ತಕಣಕ್ಕೆ ನೇರ ಪಾತ್ರವಿಲ್ಲ. ಆದರೂ ಕಳೆದ ಅರ್ಧ ಶತಮಾನದಲ್ಲಿ ಉಪ್ಪಿಗೂ ರಕ್ತದೊತ್ತಡಕ್ಕೂ ಇರುವ ನಂಟನ್ನು ಹುಡುಕಿದವರು ಮತ್ತೆ ಮತ್ತೆ ಪರೀಕ್ಷೆಗೆ ಎತ್ತಿಕೊಂಡದ್ದು ಈ ಕಣವನ್ನೇ. ಬದುಕಿರುವ ಮನುಷ್ಯನ ರಕ್ತನಾಳದ ತುಣುಕನ್ನು ಕತ್ತರಿಸಿ ತೆಗೆಯಲಾಗದು. ತೋಳಿನಿಂದ ಹತ್ತು ಮಿಲಿಲೀಟರ್ ರಕ್ತ ತೆಗೆಯುವುದು ಸುಲಭ. ಕೆಂಪುಕಣದಲ್ಲಿ ಕೋಶಕೇಂದ್ರವಿಲ್ಲ, ಮೈಟೊಕಾಂಡ್ರಿಯಾ ಇಲ್ಲ. ಇರುವುದು ಹಿಮೊಗ್ಲೋಬಿನ್ ತುಂಬಿದ ಒಂದು ಪೊರೆ. ಪೊರೆಯನ್ನು ಅಭ್ಯಸಿಸುವವನಿಗೆ ಇಷ್ಟು ಅನುಕೂಲವಾದ ಕೋಶ ಬೇರೆ ಸಿಗುವುದಿಲ್ಲ. ಇದೇ ಅನುಕೂಲ ಒಂದು ಮುಖ್ಯ ಅಂಶವನ್ನು ಮರೆಮಾಡಿದೆ ಎಂಬುದು ಈ ಲೇಖನದ ವಾದ. ಆ ಅಂಶ ಕಣದ ಆಯುಷ್ಯ.

ಉಪ್ಪಿಗೆ ಎಲ್ಲರ ದೇಹವೂ ಒಂದೇ ರೀತಿ ಸ್ಪಂದಿಸುವುದಿಲ್ಲ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಲೂಯಿಸ್ ಡಾಲ್ 1960ರ ದಶಕದಲ್ಲಿ ಇಲಿಗಳನ್ನು ಆಯ್ದು ಸಂಕರಗೊಳಿಸಿ ಎರಡು ತಳಿಗಳನ್ನು ಬೆಳೆಸಿದರು. ಒಂದೇ ಉಪ್ಪಿನ ಆಹಾರ ತಿಂದರೂ ಒಂದು ತಳಿಯಲ್ಲಿ ಒತ್ತಡ ತೀವ್ರವಾಗಿ ಏರಿತು, ಇನ್ನೊಂದರಲ್ಲಿ ಏರಲಿಲ್ಲ. ಉಪ್ಪಿನ ಸೂಕ್ಷ್ಮತೆ ವಂಶದಲ್ಲಿ ಬರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಆಗ ಇರಲಿಲ್ಲ. ವಂಶದಲ್ಲಿ ಬರುವ ದೋಷವಾದರೆ ಅದು ದೇಹದ ಎಲ್ಲ ಕೋಶಗಳ ಪೊರೆಯಲ್ಲೂ ಕಾಣಬೇಕಲ್ಲವೆ ಎಂಬ ತರ್ಕವೇ ಕೆಂಪುಕಣವನ್ನು ಪ್ರಯೋಗಾಲಯದ ಮೇಜಿಗೆ ತಂದಿತು.

ಪ್ಲಾಸ್ಮಾದಲ್ಲಿ ಸೋಡಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್ ಇದ್ದರೆ ಕೆಂಪುಕಣದ ಒಳಗೆ ಹತ್ತರ ಆಸುಪಾಸಿನಲ್ಲಿರುತ್ತದೆ. ಈ ಅಂತರವನ್ನು ಕಾಯುವುದು ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರದಲ್ಲಿ ಗುರುತಿಸಿದ ಸೋಡಿಯಂ ಪಂಪ್. ಪ್ರತಿ ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಅದು ಒಳಗೆ ತರುತ್ತದೆ. ಇದಲ್ಲದೆ ಪೊರೆಯಲ್ಲಿ ಬೇರೆ ಸಾಗಣೆಯ ದಾರಿಗಳೂ ಇವೆ. ಪ್ಯಾರಿಸ್‌ನ ಗರೈ ಮತ್ತು ಮೆಯೆರ್ 1979ರಲ್ಲಿ, ಬಾಸ್ಟನ್‌ನ ಕನೆಸ್ಸಾ ಮತ್ತು ಸಂಗಡಿಗರು 1980ರಲ್ಲಿ ಅಧಿಕ ರಕ್ತದೊತ್ತಡದವರ ಕೆಂಪುಕಣಗಳಲ್ಲಿ ಈ ಸಾಗಣೆ ಬೇರೆಯಾಗಿರುವುದನ್ನು ವರದಿ ಮಾಡಿದರು.

ಕನೆಸ್ಸಾ ತಂಡದ ವಿಧಾನವನ್ನು ಹತ್ತಿರದಿಂದ ನೋಡಬೇಕು. ತೊಳೆದ ಕಣಗಳಿಗೆ ಮೊದಲು ಲಿಥಿಯಂ ತುಂಬಿಸುತ್ತಾರೆ. ಬಳಿಕ ಅವನ್ನು ಎರಡು ದ್ರಾವಣಗಳಲ್ಲಿ ಇಡುತ್ತಾರೆ. ಒಂದರಲ್ಲಿ ಸೋಡಿಯಂ ಇರುತ್ತದೆ, ಇನ್ನೊಂದರಲ್ಲಿ ಅದರ ಬದಲು ಮೆಗ್ನೀಸಿಯಂ. ಎರಡಕ್ಕೂ ಊವಬೈನ್ ಬೆರೆಸಿ ಪಂಪನ್ನು ನಿಲ್ಲಿಸಿರುತ್ತಾರೆ. ಹೊರಬಂದ ಲಿಥಿಯಂ ಸೋಡಿಯಂ ಇರುವ ದ್ರಾವಣದಲ್ಲಿ ಎಷ್ಟು ಹೆಚ್ಚಿದೆಯೋ ಅಷ್ಟು ಸೋಡಿಯಂ-ಲಿಥಿಯಂ ವಿನಿಮಯದ ಅಳತೆ. ನಾವು ಉಣ್ಣುವ ಉಪ್ಪಿನಲ್ಲಿ ಲಿಥಿಯಂ ಲೆಕ್ಕಕ್ಕಿಲ್ಲ. ಅಂದರೆ ಈ ಪರೀಕ್ಷೆ ಅಳೆಯುವುದು ಉಪ್ಪಿನ ಪರಿಣಾಮವನ್ನಲ್ಲ, ಪೊರೆಯ ಹುಟ್ಟುಗುಣವನ್ನು. ಹಾಗಾಗಿ ಇದರ ಫಲಿತಾಂಶವನ್ನು ಉಪ್ಪಿನಿಂದ ಪೊರೆ ಕೆಟ್ಟಿತು ಎಂಬುದಕ್ಕೆ ಸಾಕ್ಷಿಯೆಂಬಂತೆ ಉಲ್ಲೇಖಿಸುವುದು ಸರಿಯಲ್ಲ.

ಇನ್ನೊಂದು ವಾದ ರಕ್ತದಲ್ಲಿ ಹರಿಯುವ ವಸ್ತುವಿನದು. ದೇಹದಲ್ಲಿ ಉಪ್ಪು ಹೆಚ್ಚಾದಾಗ ಅದನ್ನು ಹೊರಹಾಕಲೆಂದು ಪಂಪನ್ನು ತಡೆಯುವ ವಸ್ತುವೊಂದು ಸ್ರವಿಸುತ್ತದೆ. ಅದೇ ವಸ್ತು ರಕ್ತನಾಳದ ಸ್ನಾಯುವಿನಲ್ಲೂ ಪಂಪನ್ನು ತಡೆದು, ಒಳಗೆ ಸೋಡಿಯಂ ಹೆಚ್ಚಿಸಿ, ಅದರ ಬೆನ್ನಿಗೆ ಕ್ಯಾಲ್ಸಿಯಂ ಹೆಚ್ಚಿಸಿ ನಾಳವನ್ನು ಬಿಗಿಗೊಳಿಸುತ್ತದೆ. ಬ್ಲಾಸ್ಟೀನ್ 1977ರಲ್ಲೂ, ಡಿ ವಾರ್ಡನರ್ ಮತ್ತು ಮ್ಯಾಕ್‌ಗ್ರೆಗರ್ 1980ರಲ್ಲೂ ಈ ಎಳೆಯನ್ನು ಮುಂದಿಟ್ಟರು. ಆರೋಗ್ಯವಂತರ ಬಿಳಿ ರಕ್ತಕಣಗಳನ್ನು ರೋಗಿಗಳ ಪ್ಲಾಸ್ಮಾದಲ್ಲಿ ಇರಿಸಿದಾಗ ಅವುಗಳ ಸೋಡಿಯಂ ಸಾಗಣೆ ತಗ್ಗಿತು ಎಂದು 1981ರಲ್ಲಿ ಬ್ರಿಟನ್ನಿನ ತಂಡವೊಂದು ತೋರಿಸಿತು. ಇಲ್ಲಿ ದೋಷ ಪೊರೆಯಲ್ಲಿಲ್ಲ, ಪೊರೆಯನ್ನು ತೋಯಿಸುವ ದ್ರವದಲ್ಲಿದೆ. ಹುಟ್ಟುಗುಣದ ವಾದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ಇವೆರಡನ್ನು ಬೇರ್ಪಡಿಸುವ ಸಾಧನ ಕಣದ ಆಯುಷ್ಯದಲ್ಲೇ ಇದೆ. ಮನುಷ್ಯನ ಕೆಂಪುಕಣ ಸುಮಾರು 120 ದಿನ ಬದುಕುತ್ತದೆ. ಅಸ್ಥಿಮಜ್ಜೆಯಿಂದ ಹೊರಬಂದು ಬಲಿತ ಮೇಲೆ ಅದು ಹೊಸ ಪ್ರೋಟೀನ್ ತಯಾರಿಸಲಾರದು. ಪಂಪ್ ಮತ್ತಿತರ ಸಾಗಣೆಯ ಪ್ರೋಟೀನುಗಳಾಗಲಿ, ಪೊರೆಗೆ ಒಳಗಿನಿಂದ ಆಧಾರ ಕೊಡುವ ಸ್ಪೆಕ್ಟ್ರಿನ್ ಜಾಲವಾಗಲಿ ಹುಟ್ಟುವಾಗ ಪಡೆದಷ್ಟೇ. ಮುಂದೆ ಸವೆಯಬಹುದು, ಹೆಚ್ಚಲಾರವು. ಒಬ್ಬರಿಗೆ ಎರಡು ವಾರ ಹೆಚ್ಚು ಉಪ್ಪು ಕೊಟ್ಟು ರಕ್ತ ತೆಗೆದರೆ, ಆ ಅವಧಿಯಲ್ಲಿ ಹುಟ್ಟಿದ ಕಣಗಳು ನೂರಕ್ಕೆ ಹನ್ನೆರಡರಷ್ಟು ಮಾತ್ರ. ಅಷ್ಟರಲ್ಲೇ ಸಾಗಣೆ ಗಣನೀಯವಾಗಿ ಬದಲಾಗಿದ್ದರೆ ಅದು ಪ್ಲಾಸ್ಮಾದ ಕೆಲಸವೇ ಹೊರತು ಹೊಸದಾಗಿ ಕಟ್ಟಿದ ಪೊರೆಯದಲ್ಲ. ಇಲಿಯ ಲೆಕ್ಕ ಬೇರೆ. ಅದರ ಕಣದ ಆಯುಷ್ಯ ಸುಮಾರು 60 ದಿನ. ಆರು ವಾರ ಉಪ್ಪು ತಿಂದ ಡಾಲ್ ಇಲಿಯ ರಕ್ತದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕಣಗಳು ಉಪ್ಪಿನ ಕಾಲದಲ್ಲೇ ಹುಟ್ಟಿದವು. ಇಲಿಯ ಪೊರೆಯಲ್ಲಿ ಕಂಡದ್ದನ್ನು ಕೆಲವೇ ವಾರಗಳ ಮಾನವ ಪ್ರಯೋಗಕ್ಕೆ ಹಾಗೆಯೇ ಹೊಂದಿಸಲಾಗದು.

2001ರಲ್ಲಿ ಪ್ರಕಟವಾದ ಡ್ಯಾಶ್-ಸೋಡಿಯಂ ಪ್ರಯೋಗವನ್ನು ಈ ಲೆಕ್ಕದಲ್ಲಿ ಓದಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. 412 ಜನರಿಗೆ ಮೂರು ಪ್ರಮಾಣದ ಉಪ್ಪನ್ನು ತಲಾ 30 ದಿನ ಕೊಡಲಾಗಿತ್ತು. ಉಪ್ಪು ಇಳಿದಂತೆ ಒತ್ತಡವೂ ಇಳಿಯಿತು. 30 ದಿನಗಳಲ್ಲಿ ಬದಲಾಗುವುದು ನಾಲ್ಕರಲ್ಲಿ ಒಂದು ಪಾಲು ಕಣಗಳು. ಉಳಿದ ಮೂರು ಪಾಲು ಹಳೆಯ ಉಪ್ಪಿನ ಕಾಲದವೇ ಆಗಿದ್ದರೂ ಒತ್ತಡ ಇಳಿದಿದೆ. ಕೆಂಪುಕಣದ ರಚನೆಯ ದೋಷವೇ ಈ ಏರಿಳಿತಕ್ಕೆ ಮೂಲ ಎನ್ನಲು ಇದು ಅವಕಾಶ ಕೊಡುವುದಿಲ್ಲ.

ಹಾಗೆಂದು ಪೊರೆಯಲ್ಲಿ ಏನೂ ಆಗುವುದಿಲ್ಲವೆಂದಲ್ಲ. ಪೊರೆಯ ಕೊಲೆಸ್ಟರಾಲ್ ಪ್ಲಾಸ್ಮಾದ ಕೊಲೆಸ್ಟರಾಲ್‌ನೊಂದಿಗೆ ಸದಾ ಅದಲುಬದಲಾಗುತ್ತಿರುತ್ತದೆ. ಹಾಗಾಗಿ ಬಲಿತ ಕಣದ ಪೊರೆಯೂ ಗಡುಸಾಗಬಲ್ಲದು. ಅಧಿಕ ರಕ್ತದೊತ್ತಡದವರ ಕೆಂಪುಕಣದ ಪೊರೆಯಲ್ಲಿ ದ್ರವಗುಣ ತಗ್ಗಿರುವುದನ್ನು ಜಪಾನಿನ ಕಜುಶಿ ತ್ಸುದಾ ಎಲೆಕ್ಟ್ರಾನ್ ಸ್ಪಿನ್ ಅನುರಣನದ ಮೂಲಕ ಅಳೆದು ತೋರಿಸಿದ್ದಾರೆ. ಏಳೆಂಟು ಮೈಕ್ರೊಮೀಟರ್ ಅಗಲದ ಕಣ ತನಗಿಂತ ಕಿರಿದಾದ ಲೋಮನಾಳದಲ್ಲಿ ಮಡಿಚಿಕೊಂಡು ನುಸುಳಬೇಕು. ಪೊರೆ ಗಡುಸಾದರೆ ಹರಿವಿಗೆ ತಡೆ ಹೆಚ್ಚುತ್ತದೆ.

ಇನ್ನೂ ಕುತೂಹಲದ ಜಾಗ ಪೊರೆಯ ಹೊರಮೈ. ಅಲ್ಲಿರುವ ಸಕ್ಕರೆಯಂಶದ ತೆಳುಲೇಪ ಋಣ ವಿದ್ಯುದಂಶ ಹೊತ್ತಿದ್ದು, ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ನಾಳದ ಒಳಗೋಡೆಗೂ ಇಂಥದೇ ಲೇಪವಿದೆ. ಒಂದು ಸವೆದರೆ ಇನ್ನೊಂದೂ ಸವೆಯುತ್ತದೆ, ಆದ್ದರಿಂದ ಕೆಂಪುಕಣವನ್ನು ನೋಡಿ ನಾಳಗೋಡೆಯ ಸ್ಥಿತಿಯನ್ನು ಊಹಿಸಬಹುದು ಎಂಬುದು ಜರ್ಮನಿಯ ಮ್ಯೂನ್‌ಸ್ಟರ್‌ನ ಹಾನ್ಸ್ ಓಬರ್‌ಲೈಥ್ನರ್ ಅವರ ನಿಲುವು. ನನಗೆ ಈ ನಿಲುವು ಹೆಚ್ಚು ಫಲದಾಯಕವಾಗಿ ಕಾಣುತ್ತದೆ, ಏಕೆಂದರೆ ಇದನ್ನು ಪರೀಕ್ಷೆಗೆ ಒಡ್ಡಬಹುದು. ಲೇಪ ಸವೆಯುವುದು ರಕ್ತದಲ್ಲಿ ಸುತ್ತುವಾಗಲೇ ಆದರೆ ಹಳೆಯ ಕಣದಲ್ಲಿ ಸವೆತ ಹೆಚ್ಚಿರಬೇಕು, ಮತ್ತು ಹೊಸ ಹಾಗೂ ಹಳೆಯ ಕಣಗಳ ನಡುವಿನ ಅಂತರ ಉಪ್ಪು ಹೆಚ್ಚು ತಿನ್ನುವವರಲ್ಲಿ ಹಿಗ್ಗಿರಬೇಕು.

ಈ ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ಕಣ ಹಳತಾದಂತೆ ಕುಗ್ಗಿ ಸಾಂದ್ರವಾಗುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ಹೊಸವು ಮೇಲೆ, ಹಳೆಯವು ತಳದಲ್ಲಿ ನಿಲ್ಲುತ್ತವೆ. ನಳಿಕೆಯ ಮೇಲ್ಪದರವನ್ನೂ ತಳಪದರವನ್ನೂ ಬೇರೆಬೇರೆಯಾಗಿ ತೆಗೆದು, ಕಡಿಮೆ ಸಾಂದ್ರತೆಯ ತಣ್ಣನೆಯ ದ್ರಾವಣದಲ್ಲಿ ಒಡೆದು, ಹಿಮೊಗ್ಲೋಬಿನ್ ಹೋಗಿ ಪೊರೆ ಬಿಳಿಚುವವರೆಗೆ ತೊಳೆದು ಹೋಲಿಸಬೇಕು. ಎಲ್ಲವನ್ನೂ ಒಂದೇ ನಳಿಕೆಯಲ್ಲಿ ಕಲಸಿ ಸರಾಸರಿ ತೆಗೆದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ನಮ್ಮಲ್ಲಿ ಇದನ್ನು ಮಾಡುವವರು ಇನ್ನೊಂದು ಎಚ್ಚರ ವಹಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣದ ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಎಳೆಯ ಕಣಗಳ ಪಾಲು ಏರುತ್ತದೆ, ಅದರೊಂದಿಗೆ ಪೊರೆಯ ಸರಾಸರಿ ಗುಣವೂ ಬದಲಾಗುತ್ತದೆ. ಹಿಮೊಗ್ಲೋಬಿನ್ ಮತ್ತು ಎಳೆಕಣಗಳ ಎಣಿಕೆಯನ್ನು ಉಪ್ಪು ಹೆಚ್ಚು ತಿನ್ನುವವರ ಮತ್ತು ಕಡಿಮೆ ತಿನ್ನುವವರ ಎರಡೂ ಗುಂಪುಗಳಲ್ಲಿ ಸರಿಸಮ ಮಾಡಿಕೊಳ್ಳದೆ ಪೊರೆಯನ್ನು ಅಳೆದರೆ, ಕಬ್ಬಿಣದ ಪರಿಣಾಮವನ್ನೇ ಉಪ್ಪಿನ ಲೆಕ್ಕಕ್ಕೆ ಬರೆದಂತಾಗುತ್ತದೆ. ಉಪ್ಪು ಇಳಿಸಿದ ಮೇಲೆ ಕನಿಷ್ಠ ನಾಲ್ಕು ತಿಂಗಳು, ಅಂದರೆ ಕಣಗಳ ಒಂದು ಪೂರ್ಣ ತಲೆಮಾರು ಕಳೆಯುವವರೆಗೆ, ಅದೇ ಜನರ ರಕ್ತವನ್ನು ತಿಂಗಳಿಗೊಮ್ಮೆ ಪರೀಕ್ಷಿಸುವುದೂ ಅಷ್ಟೇ ಅಗತ್ಯ.